ಹಳೇ ಗೆಳೆಯರ ವಾಟ್ಸಾಪ್ ಗ್ರೂಪ್: ಹರಟೆಗೆ ಸೈ, ನೆನಪಿಗೆ ಅಷ್ಟಕ್ಕಷ್ಟೆ

ಒಟ್ಟಿಗೆ ಓದಿದವರ ವಾಟ್ಸಾಪ್ ಗ್ರೂಪಿನಲ್ಲಿ ಹತ್ತು ವರ್ಷಕ್ಕೂ ಮೇಲಿನಿಂದ ಇದ್ದೇನೆ. ಜಗಳ, ಮುನಿಸು, 'ನಾನು ಹೊರಟೆ' ಅಂತ ಹೋಗಿ ವಾರದೊಳಗೆ ವಾಪಸ್ ಬಂದವರು, ಶುಭೋದಯ ಬಿಟ್ಟು ಬೇರೇನೂ ಕಳಿಸದವರು, ಎಲ್ಲಾ ನೋಡಿಯಾಗಿದೆ. ಇಂಥ ಗ್ರೂಪಿನಲ್ಲಿ ನಡೆಯುವುದು ಎರಡೇ ಕೆಲಸ. ದಿನದ ಸುದ್ದಿ ಹಿಡಿದು ಅಭಿಪ್ರಾಯ ಹೇಳುವುದು, ಹುಡುಗಾಟದ ದಿನಗಳನ್ನು ಕೆದಕುವುದು. ಮೊದಲನೆಯದಕ್ಕೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಎರಡನೆಯದಕ್ಕೆ ಎರಡು ಕೊಟ್ಟರೆ ಜಾಸ್ತಿ. ನಾವೆಲ್ಲ ಗ್ರೂಪ್ ಕಟ್ಟಿದ್ದೇ ಎರಡನೆಯದಕ್ಕಾಗಿ, ಅದೇ ತಮಾಷೆ.

ಅಭಿಪ್ರಾಯ ಅನ್ನುವುದು ಹರಿದುಹೋಗಬೇಕು. ಮೂರು ವರ್ಷದ ಹಿಂದೆ ಯಾವುದೋ ಪಂದ್ಯದ ಬಗ್ಗೆ ಯಾರು ಏನಂದರು ಅನ್ನುವುದು ಇವತ್ತು ಯಾರಿಗೂ ಬೇಡ. ನೆನಪು ಹಾಗಲ್ಲ, ಬೇಕೆಂದಾಗ ಕೈಗೆ ಸಿಗಬೇಕು. ಆದರೆ ಈ ಆ್ಯಪ್ ಎರಡನ್ನೂ ಒಂದೇ ಸಾಲಿನಲ್ಲಿ, ಒಂದರ ಕೆಳಗೆ ಒಂದು ಹಾಕಿ ಮೇಲಕ್ಕೆ ತಳ್ಳುತ್ತಾ ಇರುತ್ತದೆ.

ಮೊದಲು ಹರಟೆಯ ಕಡೆ ನೋಡೋಣ. 2022ರಲ್ಲಿ ರಿಯಾಕ್ಷನ್ ಬಂದ ಮೇಲೆ 'ಹೌದು', 'ಸರಿ', 'ಹ್ಹಹ್ಹ' ಅನ್ನುವ ಮೆಸೇಜುಗಳ ಕಾಟ ಎಷ್ಟೋ ಕಡಿಮೆಯಾಯಿತು. ಅದೇ ವರ್ಷ ಪೋಲ್ ಬಂತು. 12 ಆಯ್ಕೆಗಳವರೆಗೂ ಕೊಡಬಹುದು. 'ಯಾವತ್ತು ಸೇರೋಣ' ಅಂತ ಕೇಳಿದರೆ ಮೊದಲು ನೂರು ಮೆಸೇಜ್ ಬಂದು ಕೊನೆಗೂ ದಿನ ಗೊತ್ತಾಗುತ್ತಿರಲಿಲ್ಲ. ಈಗ ಪೋಲ್ ಹಾಕಿದರೆ ಸಂಜೆಯೊಳಗೆ ದಿನ ನಿಶ್ಚಯ. (ಬರುವುದು ಮಾತ್ರ ಅದೇ ಹಳೇ ನಾಲ್ಕು ಜನ.)

ಕಳಿಸಿದ್ದನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ 2017ರಲ್ಲಿ ಬಂದಾಗ ಕಳಿಸಿದ 7 ನಿಮಿಷದೊಳಗೆ ಮಾತ್ರ ಅಳಿಸಬಹುದಿತ್ತು. ಸಿಟ್ಟಿನಲ್ಲಿ ಬರೆದವನಿಗೆ 7 ನಿಮಿಷ ಎಲ್ಲಿ ಸಾಲುತ್ತದೆ? ಸಿಟ್ಟು ಇಳಿಯಲಿಕ್ಕೇ ಅರ್ಧ ದಿನ ಬೇಕು. ಈಗ ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ಆದರೆ ಅಳಿಸಿದ ಗುರುತು ಅಲ್ಲೇ ಉಳಿಯುತ್ತದೆ. ಅದನ್ನು ನೋಡಿ ಗೆಳೆಯರು ಸುಮ್ನೆ ಬಿಡುತ್ತಾರಾ? 'ಏನೋ ಅದು, ಹೇಳೋ' ಅಂತ ಇನ್ನೂ ಜಾಸ್ತಿ ಕೆದಕುತ್ತಾರೆ. 2023ರಿಂದ ತಿದ್ದುವ ಅವಕಾಶವೂ ಇದೆ, 15 ನಿಮಿಷದೊಳಗೆ. ನನಗೆ ಅಳಿಸುವುದಕ್ಕಿಂತ ಇದೇ ಹೆಚ್ಚು ಉಪಯೋಗಕ್ಕೆ ಬಂದಿದೆ.

ಗ್ರೂಪಿನಲ್ಲಿ ನಿಜವಾಗಿ ಮುನಿಸು ತರುವುದು ನೀಲಿ ಟಿಕ್. ಇಬ್ಬರ ನಡುವಿನ ಮಾತಿನಲ್ಲಿ ಅದನ್ನು ಆಫ್ ಮಾಡಬಹುದು. ಗ್ರೂಪಿನಲ್ಲಿ ಆಗುವುದಿಲ್ಲ. ಮೆಸೇಜ್ ಒತ್ತಿ ಹಿಡಿದು ಮಾಹಿತಿ ನೋಡಿದರೆ ಯಾರು ಯಾವಾಗ ಓದಿದರು ಅಂತ ಪಟ್ಟಿ ಬರುತ್ತದೆ. ನಮ್ಮಲ್ಲಿ ಒಬ್ಬಳು ಅದನ್ನು ನೋಡಿಯೇ ಮಾತಾಡಿಸುವುದು ಬಿಟ್ಟಳು. 'ಎಲ್ಲರೂ ಓದಿದ್ದೀರಿ, ಒಬ್ಬರೂ ಹೇಗಿದ್ದೀಯಾ ಅನ್ನಲಿಲ್ಲ' ಅಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ನೂರು ಜನ ಇರುವ ಕಡೆ ಪ್ರತಿಯೊಬ್ಬರೂ ಇನ್ನೊಬ್ಬರು ಉತ್ತರ ಕೊಡುತ್ತಾರೆ ಅಂದುಕೊಳ್ಳುತ್ತಾರೆ. ಈಗ ಒಂದು ಗ್ರೂಪಿಗೆ 1024 ಜನರವರೆಗೂ ಸೇರಿಸಬಹುದು. ಸೇರಿಸಬೇಡಿ. ಮೂವತ್ತು ನಲವತ್ತು ದಾಟಿದರೆ ಮಾತು ನಿಲ್ಲುತ್ತದೆ, ಪ್ರಕಟಣೆ ಶುರುವಾಗುತ್ತದೆ.

ಫಾರ್ವರ್ಡ್ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಒಂದು ಸಲಕ್ಕೆ ಐದು ಕಡೆ ಮಾತ್ರ ಅನ್ನುವ ಮಿತಿ 2019ರಲ್ಲಿ ಎಲ್ಲಾ ದೇಶಗಳಿಗೂ ಬಂತು. ತುಂಬಾ ಕೈ ದಾಟಿ ಬಂದದ್ದನ್ನು 2020ರಿಂದ ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ನಮ್ಮ ಗ್ರೂಪಿನ ಕಟ್ಟಳೆ ಇದಕ್ಕಿಂತ ಗಟ್ಟಿ. ಫಾರ್ವರ್ಡ್ ಹಾಕಿದವರು ಅದರ ಜೊತೆ ತಮ್ಮದೇ ಎರಡು ಸಾಲು ಬರೆಯಬೇಕು. ಅಷ್ಟಕ್ಕೇ ಫಾರ್ವರ್ಡುಗಳ ಹೊಳೆ ಬತ್ತಿತು.

ಇನ್ನು ನೆನಪಿನ ವಿಷಯ.

ಮೊದಲು ಫೋಟೊ. ಯಾರದೋ ಮನೆಯ ಅಟ್ಟದಲ್ಲಿ ಸಿಕ್ಕ ಆಲ್ಬಮ್, ಅದರಲ್ಲಿ ಮೀಸೆ ಮೂಡದ ನಾವೆಲ್ಲ. ಸ್ಕ್ಯಾನ್ ಮಾಡಿ ಗ್ರೂಪಿಗೆ ಹಾಕುತ್ತಾರೆ, ಒಂದು ದಿನವಿಡೀ ಗಲಾಟೆ. ಮಾಮೂಲಿಯಾಗಿ ಕಳಿಸಿದರೆ ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ, ಬೇಗ ಹೋಗಲಿ ಅಂತ. ಫೋನಿನಲ್ಲಿ ನೋಡಲಿಕ್ಕೆ ಸಾಕು. ಹಿಂದಿನ ಸಾಲಿನಲ್ಲಿ ನಿಂತವರು ಯಾರು ಅಂತ ದೊಡ್ಡದು ಮಾಡಿದರೆ ಮುಖವೇ ಇಲ್ಲ, ಬರೀ ಚೌಕ ಚೌಕ. 2023ರಲ್ಲಿ ಎಚ್‌ಡಿ ಅನ್ನುವ ಆಯ್ಕೆ ಕೊಟ್ಟರು, ಅದು ಸ್ವಲ್ಪ ಮೇಲು. ಪೂರ್ತಿ ಬೇಕೆಂದರೆ ಡಾಕ್ಯುಮೆಂಟ್ ಅಂತ ಕಳಿಸಬೇಕು. ಆಗ ಫೈಲ್ ಇದ್ದ ಹಾಗೇ ಹೋಗುತ್ತದೆ, 2 ಜಿಬಿವರೆಗೂ.

ಇನ್ನೊಂದು ತೊಂದರೆ ಕಣ್ಣಿಗೇ ಬೀಳುವುದಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಫೋಟೊ ಒಳಗೆ ತೆಗೆದ ದಿನ, ಹೊತ್ತು ಬರೆದಿರುತ್ತದೆ. ಫೋಟೊ ಅಂತ ಕಳಿಸಿದಾಗ ಅದು ಅಳಿಸಿಹೋಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಫೈಲಿನ ಹೆಸರಿಗೆ ಗ್ರೂಪಿನಲ್ಲಿ ಬಂದ ದಿನಾಂಕ ಅಂಟಿಕೊಳ್ಳುತ್ತದೆ. ಹಾಗಾಗಿ ನಮ್ಮ ಬೀಳ್ಕೊಡುಗೆಯ ಫೋಟೊ ಗ್ಯಾಲರಿಯಲ್ಲಿ ಮೊನ್ನೆ ತೆಗೆದದ್ದರ ಪಕ್ಕ ಕೂತಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಈ ಗೋಳಿಲ್ಲ. ಕಾಗದದ ಫೋಟೊ ಸ್ಕ್ಯಾನ್ ಮಾಡುವವರು ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಇಸವಿ, ಹೆಸರು ಬರೆದಿರುವುದು ಅಲ್ಲೇ.

ಹುಡುಕುವುದು ಇನ್ನೊಂದು ಪಾಡು. ಒಬ್ಬರು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಅದೇ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದ ಹಾಗೆ ಬರೆಯುತ್ತಾರೆ. 'ಪ್ರವಾಸ' ಅಂತ ಹುಡುಕಿದರೆ ಅರ್ಧ ಸಿಗುವುದಿಲ್ಲ. ವಾಯ್ಸ್ ನೋಟ್ ಒಳಗಿನ ಮಾತಂತೂ ಹುಡುಕಾಟಕ್ಕೆ ಸಿಗದು. 2024ರಿಂದ ಆಂಡ್ರಾಯ್ಡಿನಲ್ಲೂ ದಿನಾಂಕ ಹಿಡಿದು ಹಿಂದಕ್ಕೆ ಹೋಗಬಹುದು, ಆದರೆ ದಿನಾಂಕ ನೆನಪಿರಬೇಕಲ್ಲ! ನಾವು ಕಂಡುಕೊಂಡ ದಾರಿ ಇದು: ಯಾರಾದರೂ ಒಳ್ಳೇ ಕಥೆ ಹೇಳಿದರೆ ಅದಕ್ಕೆ ರಿಪ್ಲೈ ಮಾಡಿ 'ಹಳೇಕಥೆ' ಅಂತ ಒಂದೇ ಪದ ಬರೆಯುತ್ತೇವೆ. ಆ ಪದ ಹುಡುಕಿದರೆ ಎಲ್ಲಾ ಸಿಗುತ್ತವೆ.

ಈಗ ಹೇಳುವುದು ಆ್ಯಪಿನ ದೋಷ ಅಂತ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ನನಗೆ ಮಾತ್ರ ಇದೇ ದೊಡ್ಡದಾಗಿ ಕಾಣುತ್ತದೆ. ಗ್ರೂಪಿನಲ್ಲಿ ನೆನಪು ಹೇಳಿಕೊಳ್ಳುತ್ತಾ ಹೋದರೆ ನೆನಪೇ ಬದಲಾಗುತ್ತದೆ.

ಕ್ಲಾಸಿನ ಪ್ರವಾಸದಲ್ಲಿ ರಾತ್ರಿ ಬಸ್ ಕೆಟ್ಟು ನಿಂತ ಕಥೆ ನಮ್ಮ ಗ್ರೂಪಿನ ಖಾಯಂ ಸರಕು. ಮೊದಲು ಬರೆದವನು 'ನಾವೆಲ್ಲ ಇಳಿದು ತಳ್ಳಿದೆವು' ಅಂದ. ಮುಂದೆ ಬರೆದವರೆಲ್ಲ ತಳ್ಳಿದ್ದನ್ನೇ ಬರೆದರು. ಒಬ್ಬನಿಗಂತೂ ಚಪ್ಪಲಿ ಕಿತ್ತದ್ದೂ ನೆನಪಾಯಿತು. ಕೆಲವು ವರ್ಷದ ಮೇಲೆ ಗೆಳತಿಯೊಬ್ಬಳು ಆಗಿನ ಡೈರಿಯ ಪುಟ ಹಾಕಿದಳು. ಬಸ್ ತಳ್ಳಿದ್ದು ಡ್ರೈವರ್ ಮತ್ತು ಇಬ್ಬರು ಮೇಷ್ಟ್ರು. ನಾವು ಒಳಗೆ ನಿದ್ದೆ ಮಾಡುತ್ತಿದ್ದೆವು! ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರಿಗೂ ನಿಜವಾಗಿ ಹಾಗೇ ನೆನಪಿತ್ತು.

ಮನಶ್ಶಾಸ್ತ್ರದವರು ಇದನ್ನು ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ಒಬ್ಬರು ಹೇಳಿದ ತಪ್ಪು ವಿವರ ಪಕ್ಕದವರ ನೆನಪಿನೊಳಗೆ ಸೇರಿಕೊಳ್ಳುತ್ತದೆ. ಮತ್ತೊಂದು ಇನ್ನೂ ಸ್ವಾರಸ್ಯ. ನಾಲ್ಕು ಜನ ಒಟ್ಟಿಗೆ ಕೂತು ನೆನಪಿಸಿಕೊಂಡರೆ, ಅದೇ ನಾಲ್ವರು ಬೇರೆ ಬೇರೆ ಕೂತು ಬರೆದು ಒಟ್ಟು ಮಾಡಿದ್ದಕ್ಕಿಂತ ಕಡಿಮೆಯೇ ಸಿಗುತ್ತದೆ. ಒಬ್ಬರ ಕಥೆ ಕೇಳುತ್ತಿದ್ದಾಗ ನಮ್ಮದರ ಎಳೆ ತಪ್ಪುತ್ತದೆ. ನಲವತ್ತು ದಾಟಿದವರಿಗೆ, ತೀರಾ ಇತ್ತೀಚಿನದನ್ನು ಬಿಟ್ಟರೆ, ಬದುಕಿನ ಬೇರೆ ಯಾವ ಕಾಲಕ್ಕಿಂತ 10ರಿಂದ 30ರ ನಡುವಿನ ವಯಸ್ಸಿನ ನೆನಪುಗಳೇ ಹೆಚ್ಚು ಬರುತ್ತವೆ ಅನ್ನುವುದೂ ಗೊತ್ತಿರುವ ಸಂಗತಿ. ಅಂದರೆ ನಮ್ಮಂಥ ಗ್ರೂಪುಗಳು ಮತ್ತೆ ಮತ್ತೆ ಕೆದಕುವುದು ಅದೇ ವರ್ಷಗಳನ್ನು.

ಹಾಗಾಗಿ ನಾವೊಂದು ಆಟ ಮಾಡಿಕೊಂಡೆವು. ಯಾವುದಾದರೂ ಘಟನೆ ಎತ್ತಿದರೆ ಮೊದಲು ಯಾರೂ ಗ್ರೂಪಿನಲ್ಲಿ ಬರೆಯಬಾರದು. ಎಲ್ಲರೂ ತಮ್ಮ ತಮ್ಮ ಕಥೆಯನ್ನು ಒಬ್ಬಳಿಗೆ ನೇರವಾಗಿ ಕಳಿಸಬೇಕು. ಅವಳು ಭಾನುವಾರ ಎಲ್ಲವನ್ನೂ ಒಟ್ಟಿಗೆ ಹಾಕುತ್ತಾಳೆ. ಆ ದಿನ ಗ್ರೂಪ್ ನೋಡಬೇಕು! ಒಬ್ಬರ ಕಥೆಯಲ್ಲಿ ಮಳೆ, ಇನ್ನೊಬ್ಬರದರಲ್ಲಿ ಸುಡುಬಿಸಿಲು. ಒಬ್ಬಳು ಅತ್ತಳು ಅಂತ ನಾಲ್ವರು ಬರೆದರೆ ಅವಳೇ 'ನಾನು ಅವತ್ತು ಬಂದೇ ಇರಲಿಲ್ಲ ಕಣ್ರೋ' ಅನ್ನುತ್ತಾಳೆ. ಇಷ್ಟು ವರ್ಷದಲ್ಲಿ ಗ್ರೂಪಿನಿಂದ ಸಿಕ್ಕ ಅತಿ ಹೆಚ್ಚು ಖುಷಿ ಇದರಿಂದ. ಇದಕ್ಕೆ ಯಾವ ಫೀಚರೂ ಬೇಕಾಗಲಿಲ್ಲ.

ನೆನಪಿಗೆ ಕೊಟ್ಟ ಎರಡು ಅಂಕದಲ್ಲಿ ಒಂದೂವರೆ ವಾಯ್ಸ್ ನೋಟಿನದು. 2013ರಲ್ಲಿ ಬಂದದ್ದು ಇದು. ಬರೆಯಲು ಸೋಮಾರಿಯಾದವನೂ ಐದು ನಿಮಿಷ ಮಾತಾಡಿ ಕಳಿಸುತ್ತಾನೆ. 2021ರಿಂದ ಒಂದೂವರೆ, ಎರಡು ಪಟ್ಟು ವೇಗದಲ್ಲಿ ಕೇಳಬಹುದು. ಅಭಿಪ್ರಾಯಗಳನ್ನು ನಾನು ಎರಡು ಪಟ್ಟಿನಲ್ಲೇ ಕೇಳುವುದು. ನೆನಪನ್ನು ಹಾಗೆ ಕೇಳಲು ಮನಸ್ಸು ಬರುವುದಿಲ್ಲ. ಗೆಳೆಯನೊಬ್ಬ ತೀರಿಕೊಂಡ ಮೇಲೆ ಅವನ ನಗು ಉಳಿದದ್ದು ಒಂದು ವಾಯ್ಸ್ ನೋಟಿನಲ್ಲಿ. ಸಾಮಾನ್ಯವಾಗಿ 120 ದಿನ ಬಳಸದ ಖಾತೆಯನ್ನು ಕಂಪನಿ ತೆಗೆದುಹಾಕುತ್ತದೆ. ಆಗ ಗ್ರೂಪಿನಿಂದಲೂ ಹೆಸರು ಹೋಗುತ್ತದೆ. ಕಳಿಸಿದ್ದು ನಮ್ಮ ಫೋನುಗಳಲ್ಲಿ ಇರುತ್ತದೆ, ಆದರೆ ಇಳಿಸಿಕೊಂಡಿದ್ದರೆ ಮಾತ್ರ. ಅಂಥದ್ದನ್ನು ಅವತ್ತೇ ಹೊರಗೆ ತೆಗೆದು ಬೇರೆ ಕಡೆ ಇಡಿ.

ಬ್ಯಾಕಪ್ ಬಗ್ಗೆ ಎರಡು ಮಾತು. ನಮ್ಮ ಮಾತುಗಳು ಇರುವುದು ನಮ್ಮ ಫೋನಿನಲ್ಲಿ, ಕಂಪನಿಯ ಸರ್ವರಿನಲ್ಲಲ್ಲ. ತಲುಪದ ಸಂದೇಶವನ್ನು ಮಾತ್ರ 30 ದಿನ ಇಟ್ಟುಕೊಳ್ಳುತ್ತಾರೆ. ಗುಟ್ಟಿನ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಬ್ಯಾಕಪ್ ಇಲ್ಲದೆ ಫೋನ್ ಕಳೆದರೆ ಹತ್ತು ವರ್ಷ ಹೋದಂತೆ. ಆಂಡ್ರಾಯ್ಡಿನಲ್ಲಿ ಬ್ಯಾಕಪ್ ಈಗ ಗೂಗಲ್ಲಿನ 15 ಜಿಬಿ ಉಚಿತ ಜಾಗದೊಳಗೇ ಲೆಕ್ಕ. ಐಫೋನಿನಲ್ಲಿ ಐಕ್ಲೌಡಿನ ಉಚಿತ ಜಾಗ 5 ಜಿಬಿ ಮಾತ್ರ. ಶುಭೋದಯದ ವಿಡಿಯೊಗಳೇ ಅದನ್ನು ತುಂಬಿಸಿಬಿಡುತ್ತವೆ. ಎಕ್ಸ್‌ಪೋರ್ಟ್ ಚಾಟ್ ಅಂತ ಇದೆ, ಮಾತುಗಳನ್ನೆಲ್ಲ ಒಂದು ಟೆಕ್ಸ್ಟ್ ಫೈಲ್ ಮಾಡಿಕೊಡುತ್ತದೆ. ಒಂದು ಸಲಕ್ಕೆ ಇಷ್ಟೇ ಅನ್ನುವ ಮಿತಿ ಇರುವುದರಿಂದ ವರ್ಷಕ್ಕೊಮ್ಮೆಯಾದರೂ ಮಾಡಿಕೊಳ್ಳುವುದು ವಾಸಿ.

ಇದು ಅತಿ ಜಾಗ್ರತೆ ಅನ್ನಿಸಿದರೆ ಗೂಗಲ್ಲಿನ ಹಳೇ ಸಾಮಾಜಿಕ ಜಾಲತಾಣ ಆರ್ಕುಟ್ ನೆನಪಿಸಿಕೊಳ್ಳಿ. 2004ರಲ್ಲಿ ಶುರುವಾಯಿತು. ಸ್ಕ್ರ್ಯಾಪ್ ಬರೆಯುವುದು, 'ನನಗೊಂದು ಟೆಸ್ಟಿಮೋನಿಯಲ್ ಬರಿಯೋ' ಅಂತ ದುಂಬಾಲು ಬೀಳುವುದು, ಎಷ್ಟು ಸಂಭ್ರಮ! 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಮುಚ್ಚಿತು. ಇಮೇಲಿನಲ್ಲಿ ಹರಟುವ ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ಕ್ಕೆ. ಎರಡೂ ಕಡೆ ನಿಮ್ಮದನ್ನು ಇಳಿಸಿಕೊಳ್ಳಿ ಅಂತ ಮುಂಚೆಯೇ ಹೇಳಿದ್ದರು. ನನ್ನ ಬಳಗದಲ್ಲಿ ಇಳಿಸಿಕೊಂಡವರು ಬೆರಳೆಣಿಕೆಯಷ್ಟು.

ಬೇರೆ ಆ್ಯಪ್‌ಗೆ ಹೋಗಬಹುದಾ ಅಂತ ಕೇಳುವವರಿದ್ದಾರೆ. ಟೆಲಿಗ್ರಾಂ ನೆನಪಿಗೆ ಮೇಲು. ಎಲ್ಲಾ ಅವರ ಸರ್ವರಿನಲ್ಲಿ ಇರುತ್ತದೆ, ತಡವಾಗಿ ಸೇರಿದವರಿಗೂ ಹಳೇ ಮಾತು ಕಾಣುವಂತೆ ಮಾಡಬಹುದು. ಆದರೆ ಅಲ್ಲಿ ಗ್ರೂಪಿನ ಮಾತಿಗೆ ವಾಟ್ಸಾಪಿನಂಥ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಕಂಪನಿಗೂ ಓದಲಾಗದ ಬೀಗ) ಇಲ್ಲ. ಸಿಗ್ನಲ್ ಅನ್ನುವ ಆ್ಯಪ್ ಗುಟ್ಟಿಗೆ ಗಟ್ಟಿ. ನಾವು ಎರಡನ್ನೂ ನೋಡಿದೆವು. ಅರ್ಧ ಜನ ಬರಲೇ ಇಲ್ಲ. ಗೆಳೆಯರು ಇರುವ ಕಡೆಯೇ ಗ್ರೂಪ್ ಅಲ್ವಾ?

ಕೊನೆಗೆ ಒಂದನ್ನು ಎರಡು ಮಾಡಿದೆವು. ಒಂದು ಹರಟೆಗೆ. ಅಲ್ಲಿ ಮೆಸೇಜುಗಳು 7 ದಿನಕ್ಕೆ ತಾವೇ ಮಾಯವಾಗುವಂತೆ ಮಾಡಿದ್ದೇವೆ. 24 ಗಂಟೆ, 90 ದಿನ ಅನ್ನುವ ಆಯ್ಕೆಯೂ ಇದೆ. ರಾಜಕೀಯ, ಕ್ರಿಕೆಟ್ಟು, ಸಿಟ್ಟು, ಎಲ್ಲಾ ಅಲ್ಲಿ. ಇನ್ನೊಂದು ನೆನಪಿಗೆ. ಅಲ್ಲಿ ಫೋಟೊ, ಕಥೆ, ವಾಯ್ಸ್ ನೋಟ್ ಬಿಟ್ಟು ಬೇರೇನಿಲ್ಲ. ವಾರಕ್ಕೆ ಎರಡೋ ಮೂರೋ ಮೆಸೇಜ್ ಬರುತ್ತವೆ, ಎಲ್ಲವನ್ನೂ ಎಲ್ಲರೂ ಓದುತ್ತಾರೆ.

ಹೊಸದಾಗಿ ಗ್ರೂಪ್ ಕಟ್ಟುವವರು ಇಬ್ಬರನ್ನಾದರೂ ಅಡ್ಮಿನ್ ಮಾಡಿ. ಇರುವ ಒಬ್ಬನೇ ಅಡ್ಮಿನ್ ಬಿಟ್ಟುಹೋದರೆ ಆ್ಯಪ್ ಇರುವವರಲ್ಲಿ ಯಾರನ್ನಾದರೂ ತಾನೇ ಆರಿಸುತ್ತದೆ. ನಮ್ಮಲ್ಲಿ ಹಾಗೆ ಪಟ್ಟಕ್ಕೆ ಬಂದವನು ಗ್ರೂಪನ್ನು ಶಾಶ್ವತವಾಗಿ ಮ್ಯೂಟ್ ಮಾಡಿ ಇಟ್ಟಿದ್ದ. ಹೊಸಬರನ್ನು ಸೇರಿಸು ಅಂತ ಅವನಿಗೆ ಗ್ರೂಪಿನಲ್ಲಿ ಬೇಡಿಕೊಂಡದ್ದೇ ಬೇಡಿಕೊಂಡದ್ದು. ತಾನು ಅಡ್ಮಿನ್ ಅಂತ ಅವನಿಗೆ ಗೊತ್ತಾದದ್ದು ಒಬ್ಬರು ಫೋನ್ ಮಾಡಿ ಬೈದ ಮೇಲೆ.