ಮಲೆನಾಡಿನ ಮಳೆಗೆ ಯಾವ ವಾಷಿಂಗ್ ಮೆಷಿನ್? ಐದು ಮಳೆಗಾಲ ದಾಟಿದ ಫ್ರಂಟ್ ಲೋಡ್ ಯಂತ್ರದ ವಿಮರ್ಶೆ

ನಾವು 2020ರ ದೀಪಾವಳಿಯ ಹೊತ್ತಿಗೆ ಕೊಂಡ ಎಂಟು ಕಿಲೋ ಸಾಮರ್ಥ್ಯದ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ ಈಗ ಐದು ಮಳೆಗಾಲಗಳನ್ನು ದಾಟಿದೆ. ನೀರು ಕಾಯಿಸುವ ಹೀಟರ್ ಒಳಗೇ ಇರುವ, ನಿಮಿಷಕ್ಕೆ 1400 ಸುತ್ತಿನವರೆಗೆ ಹಿಂಡುವ, ಡ್ರೈಯರ್ ಇಲ್ಲದ ಸಾದಾ ಯಂತ್ರವಿದು. ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಹೋಬಳಿಯಲ್ಲಿ, ಅಡಿಕೆ ತೋಟದ ನಡುವೆ ಇದೆ. ಹಳೆಯ ಯಂತ್ರ ಕೆಟ್ಟು ಬದಲಿ ಹುಡುಕುವ ಇಲ್ಲಿನ ಬಹುತೇಕ ಮನೆಯವರಿಗೆ ಅಂಗಡಿಯಲ್ಲಿ ಮೊದಲು ತೋರಿಸುವುದು ಒಗೆದ ಬಟ್ಟೆಯನ್ನು ಒಣಗಿಸಿಯೂ ಕೊಡುವ ವಾಷರ್ ಡ್ರೈಯರ್ ಅನ್ನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲನ್ನೇ ಕಾಣದ ಊರಿನವರಿಗೆ ಆ ಮಾತು ಹಿಡಿಸುವುದೂ ಸಹಜ. ಆದರೂ ನಮ್ಮ ಕಡೆಯ ಹಳ್ಳಿಮನೆಗೆ ಬೇಕಾದದ್ದು ಒಣಗಿಸುವ ಯಂತ್ರವಲ್ಲ, ಚೆನ್ನಾಗಿ ಹಿಂಡುವ ಮತ್ತು ಕೆಟ್ಟಾಗ ಬಿಚ್ಚಿ ಸರಿಪಡಿಸಲು ಬರುವ ಯಂತ್ರ ಎಂಬುದು ಇಷ್ಟು ವರ್ಷಗಳ ಬಳಕೆಯಿಂದ ನನಗೆ ಖಚಿತವಾಗಿದೆ.

ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಒಂದೇ ಕಂಪನಿಯ ಯಂತ್ರಕ್ಕೆ ಶಿವಮೊಗ್ಗದಲ್ಲಿ ಸಿಗುವ ಸೇವೆ ಹೊಸನಗರದ ಒಳಹಳ್ಳಿಗಳಲ್ಲಿ ಸಿಗುವುದಿಲ್ಲ; ಅಲ್ಲದೆ ಹೊರಗಿನ ರೂಪ ಹಾಗೆಯೇ ಇದ್ದರೂ ಮಾದರಿಯಿಂದ ಮಾದರಿಗೆ ಒಳಗಿನ ಭಾಗಗಳು ಬದಲಾಗುತ್ತವೆ. ಹೆಸರಿಗಿಂತ ಒಳಗೇನಿದೆ ಎಂಬುದನ್ನು ನೋಡಿ ಆರಿಸುವುದೇ ಕ್ಷೇಮ.

ಹಳೆಯ ಯಂತ್ರವೂ ಫ್ರಂಟ್ ಲೋಡ್ ಆಗಿತ್ತು. ಬಟ್ಟೆ ಹಿಂಡುವ ಹೊತ್ತಿಗೆ ಅಕ್ಕಿ ಗಿರಣಿ ಓಡಿದಂತೆ ಸದ್ದು ಬರತೊಡಗಿದಾಗ ತೀರ್ಥಹಳ್ಳಿಯ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಅವರು ಬಾಗಿಲು ತೆಗೆದು ಡ್ರಮ್ಮನ್ನು ಕೈಯಲ್ಲಿ ಮೇಲಕ್ಕೂ ಕೆಳಕ್ಕೂ ಅಲುಗಾಡಿಸಿ ನೋಡಿ, ಹಿಂಬದಿಯ ತಗಡು ಬಿಚ್ಚಿ, ಡ್ರಮ್ಮನ್ನು ತಿರುಗಿಸುವ ಗಾಲಿಯ (ಪುಲಿ) ಸುತ್ತ ಇಳಿದಿದ್ದ ಕಂದು ಬಣ್ಣದ ಗೆರೆಯನ್ನು ತೋರಿಸಿದರು. ಡ್ರಮ್ಮಿನ ಹಿಂಭಾಗದಲ್ಲಿ ಮೂರು ಕೈಗಳ ಲೋಹದ ಆಧಾರವೊಂದಿದ್ದು, ಅದರ ಮಧ್ಯದ ಶಾಫ್ಟ್ ಎರಡು ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಬೇರಿಂಗಿನೊಳಗೆ ನೀರು ಹೋಗದಂತೆ ತಡೆಯುವುದು ರಬ್ಬರಿನ ಒಂದು ಆಯಿಲ್ ಸೀಲ್. ಆ ಸೀಲ್ ಸವೆದರೆ ಸೋಪಿನ ನೀರು ಒಳಗೆ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ; ಬೇರಿಂಗ್ ತುಕ್ಕು ಹಿಡಿಯುತ್ತದೆ. ಸೀಲ್ ಮತ್ತು ಬೇರಿಂಗ್ ಎರಡೂ ದುಬಾರಿ ವಸ್ತುಗಳೇನಲ್ಲ. ಆದರೆ "ಇದು ಅಂಟಿಸಿದ ಟಬ್ಬು ಮಾರಾಯ್ರೆ, ಬಿಚ್ಚೋಕೆ ಬರಲ್ಲ, ಪೂರ್ತಿ ಸೆಟ್ಟೇ ಹಾಕ್ಬೇಕು" ಎಂದು ಅವರು ಹೇಳಿದರು. ಪೂರ್ತಿ ಸೆಟ್ಟಿನ ಬೆಲೆ ಹೊಸ ಯಂತ್ರದ ಅರ್ಧ ಬೆಲೆಯನ್ನೂ ಮೀರುತ್ತಿತ್ತು.

ಹೊರಗಿನ ಪ್ಲಾಸ್ಟಿಕ್ ಟಬ್ಬಿನ ಎರಡು ಹೋಳುಗಳನ್ನು ಕೆಲವು ಯಂತ್ರಗಳಲ್ಲಿ ಬೋಲ್ಟ್ ಅಥವಾ ಸ್ಕ್ರೂ ಹಾಕಿ ಕೂಡಿಸಿರುತ್ತಾರೆ, ಕೆಲವದರಲ್ಲಿ ಕಾಯಿಸಿ ಬೆಸೆದುಬಿಟ್ಟಿರುತ್ತಾರೆ. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಅಂಗಡಿಯ ಮಾರಾಟಗಾರರಿಗೆ ಇದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಊರಿನ ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ. ನಾವು ಅಂಗಡಿಗೆ ಹೋಗುವ ಮುನ್ನ ಅವರನ್ನೇ ಕೂರಿಸಿಕೊಂಡು, ಯಾವ ಮಾದರಿ ಬಿಚ್ಚಲು ಬರುತ್ತದೆ, ಯಾವುದರ ಎಲೆಕ್ಟ್ರಾನಿಕ್ ಬೋರ್ಡು ಮತ್ತು ಪಂಪು ಶಿವಮೊಗ್ಗದಲ್ಲಿ ಸಿಗುತ್ತದೆ, ಯಾವುದಕ್ಕೆ ಬೆಂಗಳೂರಿನಿಂದ ಬರುವ ತನಕ ಕಾಯಬೇಕು ಎಂದು ಕೇಳಿ ತಿಳಿದುಕೊಂಡೆವು. ಮೋಟರಿಗೆ ಹತ್ತು ವರ್ಷ ಖಾತರಿ ಎಂದು ಮುಂಬದಿಯಲ್ಲಿ ದೊಡ್ಡದಾಗಿ ಅಂಟಿಸಿರುವ ಚೀಟಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಈಗಿನ ಬ್ರಷ್ ಇಲ್ಲದ ಇನ್ವರ್ಟರ್ ಮೋಟರು ಕೆಡುವುದೇ ಅಪರೂಪ. ಕೆಡುವುದು ಬೋರ್ಡು, ನೀರು ಹೊರಹಾಕುವ ಪಂಪು, ಬಾಗಿಲ ರಬ್ಬರು ಮತ್ತು ಬೇರಿಂಗು. ಇಡೀ ಯಂತ್ರಕ್ಕೆ ಅನ್ವಯಿಸುವ ಖಾತರಿ ಎರಡು ವರ್ಷವೋ ನಾಲ್ಕು ವರ್ಷವೋ, ರಬ್ಬರಿನ ಭಾಗಗಳು ಅದರಲ್ಲಿ ಸೇರಿವೆಯೋ ಇಲ್ಲವೋ ಎಂಬುದನ್ನು ಓದಿ ನೋಡಬೇಕು.

ಶಿವಮೊಗ್ಗದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಅದೇ ಕಾಲಕ್ಕೆ ಕೊಂಡ ವಾಷರ್ ಡ್ರೈಯರ್ ಇದೆ. ಹಾಗಾಗಿ ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ಅವಕಾಶ ನನಗೆ ಸಿಕ್ಕಿದೆ. ಎಂಟು ಕಿಲೋ ಒಗೆಯುವ ಇಂತಹ ಯಂತ್ರ ಒಣಗಿಸುವುದು ಐದು ಕಿಲೋವನ್ನು ಮಾತ್ರ. ಬಟ್ಟೆ ಸಡಿಲವಾಗಿ ಉರುಳಾಡಲು ಜಾಗವಿದ್ದರೆ ಮಾತ್ರ ಬಿಸಿಗಾಳಿ ಎಲ್ಲ ಕಡೆ ತಾಗುತ್ತದೆ. ಆದ್ದರಿಂದ ಡ್ರಮ್ ತುಂಬ ಹಾಕಿ ಒಗೆದ ಬಟ್ಟೆಯಲ್ಲಿ ಸ್ವಲ್ಪವನ್ನು ಹೊರತೆಗೆದೇ ಒಣಗಿಸಬೇಕು. ಒಗೆದು ಒಣಗಿಸಿ ಮುಗಿಸಲು ನಾಲ್ಕೈದು ಗಂಟೆ ಹಿಡಿಯುತ್ತದೆ. ಒದ್ದೆ ಗಾಳಿಯನ್ನು ತಣ್ಣಗಾಗಿಸಿ ನೀರಿಳಿಸಲು ಇಂತಹ ಹಲವು ಯಂತ್ರಗಳು ಒಣಗಿಸುವಾಗಲೂ ತಣ್ಣೀರನ್ನು ಹರಿಸುತ್ತಲೇ ಇರುತ್ತವೆ; ಬಟ್ಟೆಯಿಂದ ಉದುರಿದ ನೂಲಿನ ನವಿರು ಆ ಹಾದಿಯಲ್ಲಿ ಕಟ್ಟಿಕೊಂಡು, ವರ್ಷ ಕಳೆದಂತೆ ಒಣಗಿಸುವ ಸಮಯ ಇನ್ನಷ್ಟು ಹಿಗ್ಗುತ್ತದೆ. ಇಷ್ಟಾದರೂ ಅಕ್ಕನಿಗೆ ಅದು ಒಪ್ಪುವ ಯಂತ್ರವೇ. ಅವಳ ಮನೆ ಮೂರನೇ ಮಹಡಿಯಲ್ಲಿದೆ, ಜಗುಲಿಯಿಲ್ಲ, ಇಬ್ಬರದೇ ಬಟ್ಟೆ, ಕರೆಂಟು ಸ್ಥಿರವಾಗಿರುತ್ತದೆ. ಶಿವಮೊಗ್ಗದ ಮಳೆಯೂ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯಲ್ಲ.

ನಮ್ಮಲ್ಲಿ ವಿದ್ಯುತ್ತೇ ಮುಖ್ಯ ಪ್ರಶ್ನೆ. ಮೆಸ್ಕಾಂ ಲೈನು ಕಾಡಿನ ನಡುವೆ ಬರುತ್ತದೆ. ಗಾಳಿಗೆ ಕೊಂಬೆ ಬಿದ್ದರೆ ಕರೆಂಟು ಹೋಗುತ್ತದೆ, ಇದ್ದಾಗಲೂ ಸಂಜೆಯ ವೋಲ್ಟೇಜು 180ಕ್ಕೆ ಇಳಿಯುವುದುಂಟು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 230 ವೋಲ್ಟಿನಲ್ಲಿ 2000 ವ್ಯಾಟ್ ಕೊಡುವ ಹೀಟರು 180 ವೋಲ್ಟಿನಲ್ಲಿ ಸುಮಾರು 1200 ವ್ಯಾಟ್ ಮಾತ್ರ ಕೊಡುತ್ತದೆ. ಅಂದರೆ ವಾಷರ್ ಡ್ರೈಯರಿನ ನಾಲ್ಕೈದು ಗಂಟೆಯ ಕೆಲಸ ಇನ್ನೂ ಉದ್ದವಾಗುತ್ತದೆ, ಆ ನಡುವೆ ಕರೆಂಟು ಹೋದರೆ ಅರ್ಧ ಬಿಸಿಯಾದ ಒದ್ದೆ ಬಟ್ಟೆ ಮುಚ್ಚಿದ ಡ್ರಮ್ಮಿನಲ್ಲೇ ಕುಳಿತು ಮುಗ್ಗಲು ವಾಸನೆ ಹಿಡಿಯುತ್ತದೆ. ಮನೆಯ ಸಾಮಾನ್ಯ ಯುಪಿಎಸ್ ಆ ಹೀಟರನ್ನು ಹೊರಲಾರದು. ಅದೇ ತಣ್ಣೀರಿನ ಸಾದಾ ಒಗೆತವಾದರೆ ಒಂದು ಗಂಟೆಯೊಳಗೆ ಮುಗಿಯುತ್ತದೆ, ಕರೆಂಟು ಹೋದರೂ ಬಂದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಬೋರ್ಡಿನ ಆಯುಷ್ಯಕ್ಕಾಗಿ ನಾವು ಖರ್ಚು ಮಾಡಿದ್ದು ಸ್ಟೆಬಿಲೈಸರ್ ಮತ್ತು ಅರ್ಥಿಂಗಿಗೆ. ಹೀಟರಿರುವ ಯಂತ್ರಕ್ಕೆ 16 ಆಂಪಿಯರಿನ ಪ್ಲಗ್ ಪಾಯಿಂಟೇ ಬೇಕು; ಸ್ಟೆಬಿಲೈಸರ್ ಕೂಡ ನಾಲ್ಕು ಕೆವಿಎ ಸಾಮರ್ಥ್ಯದ್ದಾಗಿದ್ದರೆ ಒಳ್ಳೆಯದು. ಜಂಬಿಟ್ಟಿಗೆ ನೆಲದಲ್ಲಿ ಬೇಸಿಗೆಗೆ ತೇವ ಉಳಿಯುವುದಿಲ್ಲವಾದ್ದರಿಂದ ಅರ್ಥಿಂಗ್ ಗುಂಡಿಯನ್ನು ಬಚ್ಚಲ ನೀರು ಹರಿಯುವ ಬದಿಗೆ ತೋಡಿಸಿದೆವು. ಮುಂಗಾರಿಗೆ ಮುಂಚೆ ಏಪ್ರಿಲ್–ಮೇ ತಿಂಗಳಲ್ಲಿ ಬರುವ ಗುಡುಗು ಸಿಡಿಲಿನ ಮಳೆಗೆ ಮಾತ್ರ ಯಾವ ಸ್ಟೆಬಿಲೈಸರನ್ನೂ ನಂಬದೆ ಪ್ಲಗ್ಗನ್ನೇ ಕಿತ್ತಿಡುತ್ತೇವೆ. ಇಷ್ಟು ವರ್ಷಗಳಲ್ಲಿ ಬೋರ್ಡು ಒಮ್ಮೆಯೂ ತೊಂದರೆ ಕೊಟ್ಟಿಲ್ಲ.

ಇನ್ನು ಒಣಗಿಸುವ ಮಾತು. ಹತ್ತಿ ಬಟ್ಟೆ ನಾಲ್ಕು ಕಿಲೋ ಇದೆ ಎಂದುಕೊಳ್ಳಿ. 800 ಸುತ್ತಿನಲ್ಲಿ ಹಿಂಡಿದರೆ ಅದರಲ್ಲಿ ಸುಮಾರು ಮೂರು ಲೀಟರ್ ನೀರು ಉಳಿಯುತ್ತದೆ, 1400 ಸುತ್ತಿನಲ್ಲಿ ಹಿಂಡಿದರೆ ಸುಮಾರು ಎರಡು ಲೀಟರ್. ಹೀಟರಿನ ಹಂಗಿಲ್ಲದೆ ಕೆಲವೇ ನಿಮಿಷಗಳಲ್ಲಿ ಇಳಿಯುವ ಆ ಒಂದು ಲೀಟರೇ ಮಳೆಗಾಲದಲ್ಲಿ ನಮ್ಮನ್ನು ಕಾಪಾಡುವುದು. ಮೊದಲೆಲ್ಲ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿದ ಬಟ್ಟೆ ಒಣಗುತ್ತಿತ್ತೇನೋ ನಿಜ, ಶಾಲೆಗೆ ಹೋಗುವ ಮಕ್ಕಳ ಅಂಗಿಯಲ್ಲೂ ಹೊಗೆಯ ವಾಸನೆ ಇರುತ್ತಿತ್ತು. ಈಗ ಅಡಿಕೆ ಒಣಗಿಸಲು ಹಾಕಿದ ಪಾಲಿಹೌಸ್ ಕೊಯ್ಲು ಶುರುವಾಗುವ ತನಕ ಖಾಲಿಯೇ ಇರುತ್ತದೆ. ಅದರೊಳಗೆ ತಂತಿ ಕಟ್ಟಿ, ಎರಡೂ ಬದಿಯ ಬಾಗಿಲು ತೆಗೆದು, ಕರೆಂಟಿದ್ದಾಗ ಒಂದು ಫ್ಯಾನ್ ಹಾಕಿದರೆ ಪಂಚೆ, ಸೀರೆ, ಅಂಗಿಗಳು ಮಾರನೆಯ ದಿನಕ್ಕೆ ಒಣಗುತ್ತವೆ. ದಪ್ಪ ಟವೆಲ್ಲು ಮತ್ತು ಜೀನ್ಸ್‌ಗೆ ಇನ್ನೊಂದು ದಿನ ಬೇಕು. ಆಷಾಢದ ಜಡಿಮಳೆಯಲ್ಲಿ ಕಂಬಳಿ ಒಗೆಯುವ ಯೋಚನೆಯನ್ನು ಯಾರೂ ಮಾಡಬಾರದು.

ಹೀಟರ್ ಬೇಕೇಬೇಕು ಎಂದು ಹೇಳಲು ಕಾರಣ ಅಡಿಕೆ. ಸುಲಿಯುವಾಗಲೂ ಬೇಯಿಸುವಾಗಲೂ ಬಟ್ಟೆಗೆ ತಾಗುವ ಚೊಗರಿನಲ್ಲಿ ಟ್ಯಾನಿನ್ ಇರುತ್ತದೆ; ಅದು ಕಬ್ಬಿಣದ ಅಂಶವಿರುವ ನೀರಿನೊಂದಿಗೆ ಸೇರಿದರೆ ಕಲೆ ಕಪ್ಪಾಗಿ ನಿಂತುಬಿಡುತ್ತದೆ. ಆದ್ದರಿಂದ ಕೆಂಪು ಕೆಸರು ಕೂರುವ ಬೋರ್‌ವೆಲ್ ನೀರನ್ನು ಯಂತ್ರಕ್ಕೆ ಬಿಡದೆ ಗುಡ್ಡದಿಂದ ತಾನಾಗಿ ಹರಿದು ಬರುವ ಅಬ್ಬಿಯ ನೀರನ್ನೇ ಬಿಡುತ್ತೇವೆ. ಕೆಲಸದ ಬಟ್ಟೆಯನ್ನು ಪ್ರತ್ಯೇಕವಾಗಿ, ಆಯಾ ದಿನವೇ ನೆನೆಸಿ, 60 ಡಿಗ್ರಿಯಲ್ಲಿ ಒಗೆದರೆ ಹೊಸ ಕಲೆ ಬಹಳಷ್ಟು ತಿಳಿಯಾಗುತ್ತದೆ. ಹಳೆಯ ಕಲೆ ಯಾವ ಯಂತ್ರಕ್ಕೂ ಬಗ್ಗುವುದಿಲ್ಲ. ತುಕ್ಕಿನ ಕಲೆಗೆ ಕ್ಲೋರಿನ್ ಬ್ಲೀಚ್ ಹಾಕುವವರಿದ್ದಾರೆ. ಅದರಿಂದ ಕಲೆ ಇನ್ನಷ್ಟು ಗಟ್ಟಿಯಾಗುತ್ತದೆಯೇ ಹೊರತು ಹೋಗುವುದಿಲ್ಲ.

ಅಬ್ಬಿಯ ನೀರಿಗೆ ಒತ್ತಡದ ಕೊರತೆಯಿಲ್ಲ. ಮನೆಯ ತಾರಸಿಯ ಟ್ಯಾಂಕಿನಿಂದ ನೀರು ಬಿಡುವವರು ಟ್ಯಾಂಕು ಯಂತ್ರಕ್ಕಿಂತ ಮೂರು ಮೀಟರಿಗೂ ಎತ್ತರದಲ್ಲಿದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲವಾದರೆ ನೀರು ಬರುತ್ತಿಲ್ಲವೆಂಬ ಸೂಚನೆ ತೋರಿಸಿ ಯಂತ್ರ ನಿಂತುಬಿಡಬಹುದು. ನಮ್ಮ ಸಮಸ್ಯೆ ಮಳೆಗಾಲದ ಕೆನ್ನೀರಿನದು. ಪೈಪು ಕೂರುವ ಜಾಗದಲ್ಲಿ ಉಗುರಿನಷ್ಟಗಲದ ಪ್ಲಾಸ್ಟಿಕ್ ಜರಡಿಯೊಂದಿದೆ. ಪೈಪು ಬಿಚ್ಚಿ, ಕಟಿಂಗ್ ಪ್ಲೇಯರಿನಿಂದ ಅದರ ನಡುವಿನ ಮೊಳೆಯನ್ನು ಹಿಡಿದು ಮೆಲ್ಲನೆ ಎಳೆದರೆ, ನುಣ್ಣನೆಯ ಕೆಂಪು ಗೋಡು, ಕೊಳೆತ ಎಲೆಯ ಚೂರು, ಕೂದಲಿನಂಥ ಬೇರು ಅಂಟಿಕೊಂಡು ಬರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಹಾಕಿದರೆ ಮತ್ತೆ ಸರಿಯಾಗುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಇದನ್ನು ಮಾಡಲೇಬೇಕು. ನಮ್ಮ ನೀರು ಮೆದುವಾದ್ದರಿಂದ ಪೊಟ್ಟಣದ ಮೇಲೆ ಬರೆದಷ್ಟು ಪುಡಿಯೂ ಬೇಕಾಗಿಲ್ಲ, ಅರ್ಧ ಸಾಕು. ಹೆಚ್ಚು ಹಾಕಿದ ಪುಡಿ ನೊರೆಯಾಗಿ ಡ್ರಮ್ಮಿನ ಹಿಂದೆ ಕೂತು, ಅಲ್ಲಿರುವ ಅಲ್ಯುಮಿನಿಯಂ ಮಿಶ್ರಲೋಹದ ಆಧಾರವನ್ನೇ ಕಾಲಕ್ರಮೇಣ ತಿನ್ನುತ್ತದೆ.

ಕೊರತೆಗಳೂ ಇವೆ. ಮೂರನೇ ವರ್ಷ ನೀರು ಹೊರಹಾಕುವ ಪಂಪು ನಿಂತುಹೋಯಿತು. ಜೇಬಿನಲ್ಲಿ ಉಳಿದ ಅಡಿಕೆ ಸಿಪ್ಪೆಯ ನಾರು ಅದರ ರೆಕ್ಕೆಗೆ ಸುತ್ತಿಕೊಂಡಿತ್ತು. ಕಂಪನಿಯ ತಂತ್ರಜ್ಞರು ಶಿವಮೊಗ್ಗದಿಂದ ಬರಬೇಕಾದ್ದರಿಂದ ವಾರವಿಡೀ ಕಾಯಬೇಕಾಯಿತು. ಬಾಗಿಲ ರಬ್ಬರಿನ ಮಡಿಕೆಯನ್ನು ಒರೆಸಿ ಬಾಗಿಲನ್ನು ತೆರೆದೇ ಇಡದಿದ್ದರೆ ಎರಡೇ ದಿನದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಯಂತ್ರದ ತಳ ತೆರೆದಿದ್ದುದರಿಂದ ಇಲಿಯೊಂದು ಒಳಹೊಕ್ಕು ಬಾಗಿಲ ಲಾಕಿನ ವೈರು ಕಡಿದಿತ್ತು. ಇದಕ್ಕೆ ಖಾತರಿ ಅನ್ವಯಿಸುವುದಿಲ್ಲ. ಹೊಸ ಯಂತ್ರ ತಂದ ದಿನವೇ ತಳಕ್ಕೆ ಜಾಲರಿ ಹಾಕಿಸಬೇಕು ಎಂದು ತೋಟದ ಮನೆಯವರಿಗೆಲ್ಲ ನಾನು ಹೇಳುತ್ತಿರುತ್ತೇನೆ.

ಬೇರಿಂಗ್ ಈಗಲೂ ಸದ್ದಿಲ್ಲದೆ ಓಡುತ್ತಿದೆ. ಕಳೆದ ಬಾರಿ ಬಂದಾಗ ಮೆಕ್ಯಾನಿಕ್ ಡ್ರಮ್ಮನ್ನು ಅಲುಗಾಡಿಸಿ ನೋಡಿ, ಹಿಂಬದಿಯಲ್ಲಿ ಕಂದು ಗೆರೆ ಕಂಡ ಕೂಡಲೇ ಕರೆಯಲು ಹೇಳಿದ್ದಾರೆ. ಸೀಲ್ ಆಗಲೇ ಬದಲಿಸಿದರೆ ಬೇರಿಂಗೂ ಉಳಿಯಬಹುದಂತೆ. ಈ ಟಬ್ಬಿಗೆ ಸುತ್ತಲೂ ಸ್ಕ್ರೂಗಳಿರುವುದರಿಂದ ಅದು ಮನೆಯ ಅಂಗಳದಲ್ಲೇ ಮುಗಿಯುವ ಕೆಲಸ. ನಾವು ಕೊಳ್ಳುವಾಗ ಈ ಯಂತ್ರಕ್ಕೂ ವಾಷರ್ ಡ್ರೈಯರಿಗೂ ಸುಮಾರು 20,000 ರೂಪಾಯಿ ವ್ಯತ್ಯಾಸವಿತ್ತು. ಸ್ಟೆಬಿಲೈಸರು, ಅರ್ಥಿಂಗು, ಪಾಲಿಹೌಸಿನ ತಂತಿ, ತಳದ ಜಾಲರಿ ಎಲ್ಲವೂ ಆ ಹಣದೊಳಗೇ ಆಗಿ ಇನ್ನೂ ಸ್ವಲ್ಪ ಮಿಕ್ಕಿತು.