ಎಸ್ಸೆಸ್ಸೆಲ್ಸಿ ಸೋಶಿಯಲ್ಲಿಗೆ ಕನ್ನಡ ಮೀಡಿಯಂ ಟ್ಯೂಷನ್: ಟೀಚರಿಗೆ ಐದಕ್ಕೆ ಐದು, ನೋಟ್ಸಿಗೆ ಒಂದು

ಮೊದ್ಲೇ ಹೇಳ್ತೇನೆ, ಸೆಂಟರಿನ ಹೆಸರು ಹಾಕುದಿಲ್ಲ. ಬೈಯುದು ಸುಮಾರು ಉಂಟು, ಮತ್ತೆ ಅಲ್ಲಿ ಒಬ್ರು ಒಳ್ಳೆ ಟೀಚರ್ ಇದ್ದಾರೆ, ಅವ್ರ ಕೆಲಸಕ್ಕೆ ನನ್ನಿಂದ ಕಲ್ಲು ಬೀಳುದು ಬೇಡ. ಕಾಸರಗೋಡು ಜಿಲ್ಲೆ, ಚಂದ್ರಗಿರಿ ಹೊಳೆಯಿಂದ ಈಚೆ, ಕನ್ನಡ ಮೀಡಿಯಂ ಮಕ್ಕಳು ಇನ್ನೂ ಸ್ವಲ್ಪ ಉಳಿದಿರುವ ಒಂದು ಪೇಟೆ ಅಂತ ಇಟ್ಕೊಳ್ಳಿ. ಮಗಳು ಹತ್ತನೇ ಕ್ಲಾಸ್ ಇಡೀ ವರ್ಷ ಅಲ್ಲಿಗೆ ಹೋದದ್ದು, 2025ರ ಮಾರ್ಚಲ್ಲಿ ಪರೀಕ್ಷೆ ಬರ್ದದ್ದು. ಈಗ ಮಗ ಒಂಬತ್ತರಲ್ಲಿ ಇದ್ದಾನೆ, ಮುಂದಿನ ವರ್ಷ ಅವನದ್ದು ಸರದಿ, ಗುರ್ತದವರು ನಾಲ್ಕು ಜನ ಫೋನ್ ಮಾಡಿ ಹೇಗುಂಟು ಹೇಗುಂಟು ಅಂತ ಕೇಳಿದ್ರು, ಎಲ್ಲರಿಗೂ ಒಂದೇ ಕಥೆ ಹೇಳಿ ಸಾಕಾಗಿ ಇಲ್ಲಿ ಬರೆಯುದು.

ಸೋಶಿಯಲ್ಲಿಗೆ ಯಾರಾದ್ರೂ ಟ್ಯೂಷನ್ನಿಗೆ ಹೋಗ್ತಾರಾ ಅಂತ ನಮ್ಮ ಮಾವ ನಕ್ಕಿದ್ರು. ನಗ್ಲಿ. ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಒಂದೊಂದೂ 40 ಮಾರ್ಕಿನ ಒಂದೂವರೆ ಗಂಟೆಯ ಪೇಪರ್, ಸೋಶಿಯಲ್ ಹಾಗಲ್ಲ, ಲೆಕ್ಕ ಇಂಗ್ಲಿಷಿನ ಹಾಗೆ 80 ಮಾರ್ಕ್, ಎರಡೂವರೆ ಗಂಟೆ, ಮೊದ್ಲು ಪ್ರಶ್ನೆ ಓದ್ಲಿಕ್ಕೆ ಕಾಲು ಗಂಟೆ ಕೂಲ್ ಆಫ್ ಟೈಮ್ ಬೇರೆ. ಪುಸ್ತಕ ಎರಡು ಭಾಗ, ಅದ್ರೊಳಗೆ ಚರಿತ್ರೆ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ ಎಲ್ಲ ತುಂಬಿಸಿ ಇಟ್ಟಿದ್ದಾರೆ. ಒಂದು ವಿಷಯದಲ್ಲಿ ಡಿ ಪ್ಲಸ್, ಅಂದ್ರೆ ನೂರಕ್ಕೆ 30, ಬಾರದಿದ್ರೆ ಪ್ಲಸ್ ವನ್ನಿಗೆ, ಅಂದ್ರೆ ಹನ್ನೊಂದನೇ ಕ್ಲಾಸಿಗೆ ಅರ್ಹತೆ ಇಲ್ಲ, ಹತ್ತು ವಿಷಯದಲ್ಲಿ ಒಂಬತ್ತು ಎ ಪ್ಲಸ್ ತಂದ್ರೂ ಅಷ್ಟೇ.

ಟ್ಯೂಷನ್ನಿಗೆ ಸೇರಿಸುವ ಮೊದ್ಲು ನಾನೇ ಒಂದು ಬುದ್ಧಿವಂತಿಕೆ ಮಾಡಿದ್ದೆ, ಅದೂ ಹೇಳ್ಬೇಕು. ಮಂಗಳೂರಿಗೆ ಹೋದಾಗ ಹತ್ತನೇ ಕ್ಲಾಸಿನ ಸಮಾಜ ವಿಜ್ಞಾನ ಗೈಡ್ ಕಂಡಿತು, ಕನ್ನಡದಲ್ಲೇ ಉಂಟು, ದಪ್ಪ ಉಂಟು, ಹಿಂದೆಮುಂದೆ ನೋಡದೆ ತಕೊಂಡು ಬಂದೆ. ಮಗಳು ಬಿಡಿಸಿ ನೋಡಿ "ಅಮ್ಮಾ ಇದು ಕರ್ನಾಟಕದ್ದು" ಅಂದ್ಳು. ಅದ್ರಲ್ಲಿ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಮೈಸೂರು ಒಡೆಯರು. ಇವಳಿಗೆ ಬೇಕಾದದ್ದು ಕೇರಳದ ಚರಿತ್ರೆ, ಪಳಶ್ಶಿ ರಾಜ, ವೇಲುತಂಬಿ, 1891ರ ಮಲಯಾಳಿ ಮೆಮೋರಿಯಲ್, 1924ರ ವೈಕಂ ಸತ್ಯಾಗ್ರಹ. ಭಾಷೆ ನಮ್ಮದು ಸಿಲೆಬಸ್ ಅವ್ರದ್ದು ಅಂದ್ರೆ ಇದೇ ನೋಡಿ, ಕನ್ನಡದ ಗೈಡ್ ರಾಶಿ ಉಂಟು, ನಮಗೆ ಆಗುವಂಥದ್ದು ಒಂದಿಲ್ಲ. ಗೈಡ್ ಈಗ ಅಕ್ಕಿ ಡಬ್ಬದ ಅಡಿಯಲ್ಲಿ ಉಂಟು, ಇರುವೆ ಬಾರದ ಹಾಗೆ.

ಇನ್ನು ಸೆಂಟರ್. ತಿಂಗಳಿಗೆ 700 ರೂಪಾಯಿ, ವಾರದಲ್ಲಿ ಮೂರು ದಿನ, ಸಂಜೆ ನಾಲ್ಕೂವರೆಯಿಂದ ಆರು. ನೋಟ್ಸಿಗೆ ಬೇರೆ 350. ಮೇಲಿನ ಮಾಳಿಗೆ, ಶೀಟಿನ ಮಾಡು, ಫೆಬ್ರವರಿ ಮಾರ್ಚಲ್ಲಿ ಬೆಂದು ಹೋಗುವಷ್ಟು ಸೆಖೆ, ಫ್ಯಾನ್ ಎರಡು, ಒಂದು ತಿರ್ಗುದು ಸದ್ದಿಗೆ ಮಾತ್ರ. ಅದೆಲ್ಲ ಬಿಡಿ.

ಟೀಚರ್ ಇಲ್ಲಿಯವ್ರೇ, ಮನೆಯಲ್ಲಿ ತುಳು, ಓದಿದ್ದು ಕನ್ನಡ, ಮಲಯಾಳಂ ನೀರು ಕುಡಿದ ಹಾಗೆ. ನಕ್ಷೆಯ ಪಾಠದಲ್ಲಿ ಕಾಂಟೂರ್ ರೇಖೆ ಅಂತ ಬರ್ತದೆ, ಒಂದೇ ಎತ್ತರದ ಜಾಗಗಳನ್ನು ಸೇರಿಸಿ ಎಳೆಯುವ ಗೆರೆ. ಮಗಳಿಗೆ ಶಾಲೆಯಲ್ಲಿ ಡೆಫಿನಿಷನ್ ಬಾಯಿಪಾಠ ಆಗಿತ್ತು, ತಲೆಗೆ ಹೋಗಿರ್ಲಿಲ್ಲ. ಈ ಟೀಚರ್ ಕೇಳಿದ್ದು ಒಂದೇ ಪ್ರಶ್ನೆ, "ನಿಮ್ಮ ತೋಟದ ಕೆರೆ ನೋಡಿದ್ದೀರಲ್ಲ, ಮಳೆ ಬಿಟ್ಟ ಮೇಲೆ ನೀರು ಇಳೀತಾ ಇಳೀತಾ ಮುರಕಲ್ಲಿನ ಗೋಡೆಯಲ್ಲಿ ಸುತ್ತ ಗೆರೆಗೆರೆ ಉಳೀತದಲ್ಲ, ಅದೆಂತ?" ಅಷ್ಟೇ. ಮಾರನೇ ದಿನ ಶನಿವಾರ, ಇವ್ಳು ನೋಟ್‌ಬುಕ್ ಹಿಡ್ಕೊಂಡು ನಮ್ಮ ಕೆರೆ ದಂಡೆಯಲ್ಲಿ ಕೂತಿದ್ಳು, ಮೇಲಿಂದ ಕಾಣುವ ಹಾಗೆ ಗೆರೆ ಎಳೀತಾ. ಒಂದು ಕಡೆ ಗೋಡೆ ನೆಟ್ಟಗೆ ಉಂಟು, ಅಲ್ಲಿ ಗೆರೆಗಳು ಒಂದಕ್ಕೊಂದು ಅಂಟಿದ ಹಾಗೆ ಬಂತು, ಇನ್ನೊಂದು ಕಡೆ ಜರ್ದು ಇಳಿಜಾರಾಗಿದೆ, ಅಲ್ಲಿ ದೂರದೂರ ಬಂತು. ಗೆರೆ ಹತ್ತಿರ ಇದ್ರೆ ಕಡಿದಾದ ಇಳಿಜಾರು, ದೂರ ಇದ್ರೆ ನಿಧಾನದ ಇಳಿಜಾರು ಅಂತ ನನಗೂ ಅವತ್ತೇ ಗೊತ್ತಾದದ್ದು, ನಾನೂ ಇದೇ ಎಸ್ಸೆಸ್ಸೆಲ್ಸಿ ಪಾಸಾದವ್ಳು!

ಇನ್ನೊಂದು, ಕೇಶವಾನಂದ ಭಾರತಿ ಕೇಸ್. 1973 ಏಪ್ರಿಲ್ 24, ಸುಪ್ರೀಂ ಕೋರ್ಟಿನ 13 ಜಡ್ಜುಗಳು, 7ಕ್ಕೆ 6ರಲ್ಲಿ ತೀರ್ಪು, ಪಾರ್ಲಿಮೆಂಟ್ ಸಂವಿಧಾನ ತಿದ್ದಬಹುದು ಆದ್ರೆ ಅದ್ರ ಮೂಲ ಸ್ವರೂಪ ಮುಟ್ಟುವ ಹಾಗಿಲ್ಲ ಅಂತ. ಇಡೀ ದೇಶದ ಲಾ ಕಾಲೇಜಲ್ಲಿ ಓದುವ ಕೇಸ್, ಅದ್ರ ಕೇಶವಾನಂದ ಭಾರತಿ ಅಂದ್ರೆ ನಮ್ಮ ಎಡನೀರು ಮಠದ ಸ್ವಾಮೀಜಿ, ಬದಿಯಡ್ಕದಿಂದ ಚೆರ್ಕಳಕ್ಕೆ ಬಸ್ಸಲ್ಲಿ ಹೋಗುವಾಗ ದಾರಿಯಲ್ಲೇ ಸಿಗುವ ಎಡನೀರು. ಕೇರಳದ ಭೂಸುಧಾರಣೆಯ ವಿರುದ್ಧ ಮಠದ ಭೂಮಿಗಾಗಿ ಹೋದ ಕೇಸ್ ಅದು. ಯಕ್ಷಗಾನದ ಭಾಗವತಿಕೆಗೆ ಕೂರ್ತಿದ್ದ ಸ್ವಾಮೀಜಿ ಅಂತ ಮಾತ್ರ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಮಗಳು ಊಟಕ್ಕೆ ಕೂತಾಗ ಇದನ್ನು ಹೇಳಿದಾಗ ನಕ್ಕಿದ್ದ ಮಾವನೇ "ಹೌದಾ" ಅಂತ ಬಾಯಿ ಬಿಟ್ಟು ಕೇಳಿದ್ರು. ಈ ಟೀಚರಿಗೆ 700 ಜಾಸ್ತಿ ಅಂತ ನನಗೆ ಒಂದು ದಿನವೂ ಅನಿಸ್ಲಿಲ್ಲ.

ಈಗ ನೋಟ್ಸಿಗೆ ಬರುವ. ಮಾರ್ರೆ, ಎಂತ ನೋಟ್ಸ್ ಅದು! ಮಲಯಾಳಂ ಮೀಡಿಯಂನ ನೋಟ್ಸನ್ನು ಫೋನಲ್ಲಿ ಹಾಕಿ ಕನ್ನಡ ಮಾಡಿದ್ದೋ, ಕನ್ನಡ ಅಕ್ಷರ ಮಾತ್ರ ಬರುವ ಯಾರೋ ಕೂತು ಬರ್ದದ್ದೋ ದೇವ್ರಿಗೇ ಗೊತ್ತು. ಮೊದಲ ಪುಟ ಬಿಡಿಸಿದ್ರೆ "ಮೂಲಭೂತ ಅವಕಾಶಗಳು ಆರು". ನನಗೆ ಒಂದು ನಿಮಿಷ ತಲೆಗೇ ಹೋಗ್ಲಿಲ್ಲ, ಯಾವ ಅವಕಾಶ ಅಂತ. ಮತ್ತೆ ಹೊಳೀತು, ಮಲಯಾಳಂನಲ್ಲಿ ಅವಕಾಶಂ ಅಂದ್ರೆ ಹಕ್ಕು! ಮೂಲಭೂತ ಹಕ್ಕು ಹೋಗಿ ಅವಕಾಶ ಆದದ್ದು. ಹಾಗಾದ್ರೆ ನಿಜವಾದ ಅವಕಾಶಕ್ಕೆ ಎಂತ ಹಾಕಿದ್ದಾರೆ ಅಂತ ಹುಡುಕಿದೆ, ಅದು ಇನ್ನೂ ಚಂದ ಉಂಟು. ಸಂವಿಧಾನದ ಪೀಠಿಕೆಯಲ್ಲಿ ಸ್ಥಾನಮಾನ ಮತ್ತು ಅವಕಾಶದ ಸಮಾನತೆ ಅಂತ ಬರ್ತದಲ್ಲ, ಮಲಯಾಳಂನಲ್ಲಿ ಅದು ಪದವಿ, ಅವಸರಂ. ನೋಟ್ಸಲ್ಲಿ "ಪದವಿಯಲ್ಲಿಯೂ ಅವಸರದಲ್ಲಿಯೂ ಸಮಾನತೆ". ಡಿಗ್ರಿಯಲ್ಲಿ ಎಲ್ಲ ಒಂದೇ, ಅರ್ಜೆಂಟಲ್ಲಿ ಎಲ್ಲ ಒಂದೇ! ನಮ್ಮ ಮನೆಯಲ್ಲಿ ಈಗ್ಲೂ ಬಸ್ಸಿಗೆ ಓಡುವಾಗ ಯಾರಾದ್ರೂ ಒಬ್ರು "ಅವಸರದಲ್ಲಿ ಸಮಾನತೆ" ಅಂತ ಹೇಳ್ತಾರೆ.

ನಗುದೆಲ್ಲ ಸರಿ, ಆದ್ರೆ ಇದನ್ನೇ ಬಾಯಿಪಾಠ ಮಾಡಿ ಪೇಪರಲ್ಲಿ ಬರ್ದ್ರೆ ಮಾರ್ಕ್ ಹಾಕುವವ್ರು ಎಂತ ಮಾಡ್ಬೇಕು? ಸೆಂಟರಿನವ್ರ ಹತ್ರ ಹೇಳಿದ್ದಕ್ಕೆ "ಅದು ಮಕ್ಕಳಿಗೆ ಅರ್ಥ ಆಗ್ತದೆ ಬಿಡಿ" ಅಂದ್ರು. ಕಡೆಗೆ ಟೀಚರ್ ಕ್ಲಾಸಲ್ಲೇ ಪುಟಪುಟ ತಿದ್ದಿಸಿದ್ರು, ಅವ್ರ ಮೂರು ದಿನ ಅದಕ್ಕೇ ಹೋಯ್ತು, 350 ನಮ್ಮದು ಹೋಯ್ತು.

ಪುಸ್ತಕದ ಕನ್ನಡ ಸಾಧಾರಣ ಶುದ್ಧ ಉಂಟು, ಸುಳ್ಳು ಹೇಳ್ಬಾರ್ದು, ಆದ್ರೆ ವಾಕ್ಯ ಒಣಗಿದ ಅಡಿಕೆ ಸೋಗೆಯ ಹಾಗೆ. ಅದಕ್ಕೇ ಬಾಯಲ್ಲಿ ಬಿಡಿಸಿ ಹೇಳುವ ಜನ ಬೇಕಾಗುದು.

ಈ ಟೀಚರ್ ನವೆಂಬರಲ್ಲಿ ಹುಷಾರಿಲ್ಲ ಅಂತ ರಜೆ ಹಾಕಿದ್ರು, ಆವಾಗ ಬದ್ಲಿಗೆ ಬಂದವ್ರಿಗೆ ಕನ್ನಡದ ಒಂದಕ್ಷರ ಬರ್ತಿರ್ಲಿಲ್ಲ. ಪಾಪ ಒಳ್ಳೆ ಹುಡುಗ, ವಿಷಯ ಗೊತ್ತಿತ್ತು, ಕ್ಲಾಸೆಲ್ಲ ಮಲಯಾಳಂನಲ್ಲಿ. ಅಂಗಡಿಯಲ್ಲಿ ಬಸ್ಸಲ್ಲಿ ನಮ್ಮ ಮಕ್ಕಳು ಮಲಯಾಳಂ ಮಾತಾಡ್ತಾರೆ, ಹೌದು, ಆದ್ರೆ ಕೇಂದ್ರಾಡಳಿತ, ಸಾರ್ವಜನಿಕ ವೆಚ್ಚ, ಪರೋಕ್ಷ ತೆರಿಗೆ ಅಂತೆಲ್ಲ ಮಲಯಾಳಂನಲ್ಲಿ ಕೇಳಿ ಕನ್ನಡದಲ್ಲಿ ಬರೆಯುದು ಹೇಗೆ? ಫೀಸ್ ಕನ್ನಡ ಮೀಡಿಯಂ ಬ್ಯಾಚ್ ಅಂತ ಹೇಳಿಯೇ ತಕೊಂಡದ್ದು. ನಾವು ಏಳೆಂಟು ಜನ ಹೋಗಿ ಕೇಳಿದಾಗ ಮ್ಯಾನೇಜರ್ "ಎಲ್ಲರಿಗೂ ಮನಸ್ಸಿಲಾಗ್ತದಲ್ಲ" ಅಂದ. ಅರ್ಥ ಆಗುದಕ್ಕೂ ಮಲಯಾಳಂ ಮಾತೇ, ಮನಸ್ಸಿಲಾಗುದಂತೆ! ಮೂರು ವಾರ ಹಾಗೇ ನಡೀತು, ಒಂದು ರೂಪಾಯಿ ಕಡಿಮೆ ಮಾಡ್ಲಿಲ್ಲ.

ಮತ್ತೊಂದು ಕಿರಿಕಿರಿ, ಬೋರ್ಡಲ್ಲಿ "ಸಿಇ ಗೈಡೆನ್ಸ್" ಅಂತ ಹಾಕಿದ್ದಾರೆ. ಸಿಇ ಅಂದ್ರೆ ವರ್ಷವಿಡೀ ನಡೆಯುವ ನಿರಂತರ ಮೌಲ್ಯಮಾಪನ, ಅದ್ರ 20 ಮಾರ್ಕ್ ಹಾಕುದು ಶಾಲೆಯವ್ರು, ಟ್ಯೂಷನ್ನಿಗೂ ಅದಕ್ಕೂ ಸಂಬಂಧ ಇಲ್ಲ. ವಿಚಾರಿಸಿದ್ರೆ ಪ್ರಾಜೆಕ್ಟನ್ನು ಅವ್ರೇ ಬರ್ದು ಕೊಡ್ತಾರಂತೆ, 300 ರೂಪಾಯಿ. ಬೇಡ ಅಂದೆ. ಮ್ಯಾಪ್ ಪ್ರಾಕ್ಟೀಸ್ ಮಾತ್ರ ಚಂದ ಮಾಡಿಸಿದ್ರು, ಮಾಡೆಲ್ ಪರೀಕ್ಷೆ ಐದು ಆಯ್ತು, ಪೇಪರ್ ತಿದ್ದಿ ಕೊಟ್ಟದ್ದು ಮೂರು.

ಮಗಳಿಗೆ ಸೋಶಿಯಲ್ಲಲ್ಲಿ ಎ ಬಂತು, ಎ ಪ್ಲಸ್ ಅಲ್ಲ. ಬೋರ್ಡಲ್ಲಿ "ಫುಲ್ ಎ ಪ್ಲಸ್ ಗ್ಯಾರಂಟಿ" ಅಂತ ಉಂಟು, ಆ ಗ್ಯಾರಂಟಿ ಯಾರ ಹತ್ರ ಕೇಳುದು ಅಂತ ಬರ್ದಿಲ್ಲ. ಈಗ ಪ್ಲಸ್ ವನ್ ಹ್ಯುಮಾನಿಟೀಸ್, ಅವ್ಳೇ ಆರ್ಸಿದ್ದು, ಅದ್ರಲ್ಲಿ ಆ ಟೀಚರಿನ ಕೈವಾಡ ಉಂಟು ಅಂತ ನನ್ನ ಸಂಶಯ.

ಈ ವರ್ಷ ಸೇರಿಸುವವ್ರಿಗೆ ಎರಡು ಮಾತು. 2025-26ಕ್ಕೆ ಹತ್ತನೇ ಕ್ಲಾಸಿನ ಪುಸ್ತಕವೇ ಬದ್ಲಾಗಿದೆ, ನನ್ನ ಮಗಳದ್ದು ಹಳೆ ಪುಸ್ತಕದ ಕಡೇ ಬ್ಯಾಚ್. ಸೆಂಟರಿನವ್ರು ಹಳೆ ನೋಟ್ಸಿಗೇ ಹೊಸ ರಟ್ಟು ಹಾಕಿ ಕೊಟ್ಟಾರು, ದುಡ್ಡು ಕೊಡುವ ಮೊದ್ಲು ಒಳಗೆ ಬಿಡಿಸಿ ನೋಡಿ. ಮತ್ತೆ ಪಾಸಿನ ಲೆಕ್ಕ. ಇಷ್ಟು ವರ್ಷ ಸಿಇಯಲ್ಲಿ 20ಕ್ಕೆ 20 ಸಿಕ್ಕಿದ್ರೆ ಬರವಣಿಗೆಯಲ್ಲಿ 80ಕ್ಕೆ 10 ತಂದ್ರೂ ಒಟ್ಟು 30 ಆಗಿ ಡಿ ಪ್ಲಸ್ ಬರ್ತಿತ್ತು, 2025ರಲ್ಲಿ ಶೇಕಡಾ 99.5 ಪಾಸಾದದ್ದು ಸುಮ್ನೆ ಅಲ್ಲ. ಇನ್ನು ಬರವಣಿಗೆಯಲ್ಲೇ ಶೇಕಡಾ 30 ಬೇಕು ಅಂತ ತಂದಿದ್ದಾರೆ, 2024-25ರಲ್ಲಿ ಎಂಟನೇ ಕ್ಲಾಸಿಗೆ, ಆಮೇಲೆ ಒಂಬತ್ತಕ್ಕೆ, 2026-27ಕ್ಕೆ ಹತ್ತಕ್ಕೆ. ಅಂದ್ರೆ ಸೋಶಿಯಲ್ಲಲ್ಲಿ 80ಕ್ಕೆ 24, ಪೇಪರಲ್ಲೇ. ನನ್ನ ಮಗ ಸರಿಯಾಗಿ ಅದ್ರ ಬಾಯಿಗೇ ಬಿದ್ದಿದ್ದಾನೆ.

ಹಾಗಾಗಿ ಅವನನ್ನೂ ಅಲ್ಲಿಗೇ ಸೇರಿಸುದು, ಆದ್ರೆ ಕ್ಲಾಸಿಗೆ ಮಾತ್ರ, ನೋಟ್ಸ್ ಬೇಡ ಅಂತ ಈಗ್ಲೇ ಹೇಳಿ ಬಂದಿದ್ದೇನೆ. ಟೀಚರ್ ಇಡೀ ವರ್ಷ ಇರ್ತಾರಾ ಅಂತ ಕೇಳಿ ಹೌದು ಅಂತ ಹೇಳಿಸ್ಕೊಂಡೂ ಬಂದಿದ್ದೇನೆ, ಬಾಯಿಮಾತಲ್ಲಿ. ದೂರದಿಂದ ಕಳಿಸುವವ್ರು ಒಂದು ನೆನಪಿಟ್ಕೊಳ್ಳಿ, ಆರು ಗಂಟೆ ಅಂತ ಹೇಳಿ ಬಿಡುದು ಆರೂಕಾಲಿಗೆ, ನಮ್ಮ ಕಡೆಯ ಬಸ್ ಆರೂ ಹತ್ತಕ್ಕೇ ಹೋಗ್ತದೆ.