ಕಿವಿ ಕ್ಯಾಪ್ಸೂಲ್ ತಗೊಂಡ ಕತೆ: 'ಸೆಲ್ ಸಿಗ್ನಲಿಂಗ್ ಪ್ರೋಟೀನ್' ಅಂತೆ, 1 ಸ್ಟಾರ್

ಬ್ರ್ಯಾಂಡ್ ಹೆಸರು ಹಾಕಲ್ಲ, ಆನ್‌ಲೈನಲ್ಲಿ ಇದೇ ತರದ್ದು ಹತ್ತಾರು ಇದಾವೆ, ಬಾಟಲಿ ಬಣ್ಣ ಮಾತ್ರ ಬೇರೆ ಬೇರೆ. ನಮ್ಮಪ್ಪ ಬೆಂಗಳೂರಿನ ಕಬ್ಬನ್‌ಪೇಟೇಲಿ ಮೂವತ್ತು ವರ್ಷ ಪವರ್‌ಲೂಮ್ ಮಗ್ಗ ಓಡಿಸಿದವ್ರು, ಆ ಸದ್ದಿಗೆ ಕಿವಿ ಮಂದ ಆಗಿದೆ. ಈಗ ಟಿವಿ ಹಾಕಿದ್ರೆ ಎದುರುಮನೆಯವ್ರು ಅವ್ರ ಮನೇಲೇ ಕೂತು ನಮ್ ಸೀರಿಯಲ್ ಕೇಳಿಸ್ಕೋತಾರೆ. ಹಿಯರಿಂಗ್ ಏಡ್ ಅಂದ್ರೆ "ನಾನೇನ್ ಕಿವುಡನೇನೋ" ಅಂತ ರೇಗ್ತಾರೆ, ಮಾತ್ರೆ ಅಂದ್ರೆ ಸುಮ್ನೆ ನುಂಗ್ತಾರೆ, ಅದಕ್ಕೇ ನಾನು ಈ ಹಳ್ಳಕ್ಕೆ ಬಿದ್ದೆ.

ಮೂರು ಬಾಟಲಿ ಕೋರ್ಸು, 4,500 ರೂಪಾಯಿ. ಡೆಲಿವರಿ ಎರಡೇ ದಿನಕ್ಕೆ ಬಂತು, ಪ್ಯಾಕಿಂಗ್ ಚೆನ್ನಾಗಿದೆ. ಡಬ್ಬಿ ಮೇಲೆ ಒಳಕಿವಿ ಸಿಗ್ನಲಿಂಗ್ ಪ್ರೋಟೀನ್ (ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸೋ ಪ್ರೋಟೀನ್) ಎಬ್ಬಿಸಿ ಸತ್ತ ಕೋಶ ಮತ್ತೆ ಬೆಳೆಸುತ್ತೆ ಅಂತ ದೊಡ್ಡ ಅಕ್ಷರ, ಹಿಂದೆ ತಿರುಗಿಸಿದ್ರೆ ಜಿಂಕ್, ಬಿ12, ಅದ್ಯಾವ್ದೋ ಎಲೆ ಸಾರ. ಬಯೋಟೆಕ್ ಓದಿರೋ ತಂಗಿ ಅದನ್ನ ನೋಡಿ, "ಅಣ್ಣಾ, ಓದಿ ತಗೊಂಡ್ಯಾ ಓದ್ದೇ ತಗೊಂಡ್ಯಾ" ಅಂದ್ಲು.

ಬೇಜಾರಾಗಿದ್ದು ಏನಂದ್ರೆ ಆ ಸಿಗ್ನಲಿಂಗ್ ಪ್ರೋಟೀನ್ ವಿಜ್ಞಾನ ಸುಳ್ಳಲ್ಲ. ಒಳಕಿವಿಲಿ ಬಸವನಹುಳು ಚಿಪ್ಪಿನ ತರ ಸುತ್ಕೊಂಡಿರೋ ಕಾಕ್ಲಿಯಾ ಇದ್ಯಲ್ಲ, ಒಂದೊಂದು ಕಿವಿಲೂ ಅದ್ರಲ್ಲಿ ಹುಟ್ಟುವಾಗ ಸುಮಾರು 15,000 ಹೇರ್ ಸೆಲ್ ಇರ್ತವೆ, ಶಬ್ದದ ಅಲುಗಾಟವನ್ನ ನರಕ್ಕೆ ಸುದ್ದಿ ಮಾಡಿ ಕಳಿಸೋದು ಅವೇ. ಹೊಟ್ಟೇಲಿ ಮಗು ಬೆಳೀವಾಗ ನಾಚ್ ಅನ್ನೋ ಪ್ರೋಟೀನ್ ಮೂಲಕ ಒಂದು ಕೋಶ ಪಕ್ಕದ್ದಕ್ಕೆ ನಾನು ಹೇರ್ ಸೆಲ್ ಆಗ್ತೀನಿ ನೀನು ನಂಗೆ ಆಸರೆಯಾಗಿ ನಿಂತ್ಕೋ ಅಂತ ಹೇಳುತ್ತೆ, ವಿಂಟ್ ಅನ್ನೋ ಇನ್ನೊಂದು ಸಿಗ್ನಲ್ ಕೋಶಗಳ ಸಂಖ್ಯೆ ಹೆಚ್ಚಿಸೋ ಕಡೆ ಇರುತ್ತೆ. ಕೋಳಿಗಳಲ್ಲಿ ಹೇರ್ ಸೆಲ್ ಸತ್ರೆ ಆ ಆಸರೆ ಕೋಶಗಳೇ ಮತ್ತೆ ಹೊಸದು ಮಾಡ್ಕೊಳ್ತವೆ, 1980ರ ದಶಕದಲ್ಲೇ ಇದು ಗೊತ್ತಾಯ್ತು. ನಮ್ಗೆ ಆ ಭಾಗ್ಯ ಇಲ್ಲ, ಹೋದ್ರೆ ಹೋಯ್ತು. ನಾಟಿ ಕೋಳಿ ಕಿವಿ ನಮ್ಮಪ್ಪನ ಕಿವಿಗಿಂತ ಗಟ್ಟಿ ಅಂತಾಯ್ತು!

ಇದೇ ಸಿಗ್ನಲ್ ತಟ್ಟಿ ಎಬ್ಬಿಸೋಕೆ ಅಂತ ಅಮೆರಿಕದ ಫ್ರೀಕ್ವೆನ್ಸಿ ಥೆರಪ್ಯೂಟಿಕ್ಸ್ ಅನ್ನೋ ಕಂಪನಿ ಎಫ್‌ಎಕ್ಸ್-322 ಅಂತ ಔಷಧಿ ಮಾಡಿತ್ತು, ಅದೂ ನುಂಗೋದಲ್ಲ, ಕಿವಿ ತಮಟೆ ದಾಟಿಸಿ ಇಂಜೆಕ್ಷನ್. 2023ರಲ್ಲಿ ಟ್ರಯಲ್‌ನಲ್ಲಿ ಸುಮ್ನೆ ಕೊಟ್ಟ ಡಮ್ಮಿ ಇಂಜೆಕ್ಷನ್‌ಗಿಂತ ಏನೂ ಹೆಚ್ಚು ಕೆಲಸ ಮಾಡ್ಲಿಲ್ಲ ಅಂತ ನಿಲ್ಲಿಸಿದ್ರು. ಕಿವಿಗೇ ಚುಚ್ಚಿದ್ದು ಆಗ್ಲಿಲ್ಲ, ಇನ್ನು ಈ ಕ್ಯಾಪ್ಸೂಲ್ ಹೊಟ್ಟೆಗೆ ಹೋಗಿ ಅಲ್ಲಿಂದ ಕಿವಿಗೆ ಹತ್ತಿ ಕೋಶ ಬೆಳೆಸುತ್ತಂತೆ. ನಿಜವಾಗ್ಲೂ ಪ್ರೋಟೀನ್ ತುಂಬಿದ್ರೂ ಅಷ್ಟೇ, ಹೊಟ್ಟೇಲಿ ತೊಗರಿಬೇಳೆ ಸಾರಿನ ಜೊತೆ ಅದೂ ಅರಗುತ್ತೆ. ಒಟೊಫರ್ಲಿನ್ ಅನ್ನೋ ಪ್ರೋಟೀನ್ ಇಲ್ದೇ ಹುಟ್ಟಿದ ಮಕ್ಕಳಿಗೆ ಜೀನ್ ಚಿಕಿತ್ಸೆ ಕೊಟ್ಟು ಕಿವಿ ಕೇಳಿಸಿದ್ದು 2024ರಲ್ಲಿ ಸುದ್ದಿಯಾಗಿತ್ತು, ಅದು ನಿಜ, ಆದ್ರೆ ಅದು ಹುಟ್ಟಿನಿಂದ ಬಂದ ಒಂದು ನಿರ್ದಿಷ್ಟ ದೋಷಕ್ಕೆ, ಮಗ್ಗದ ಸದ್ದಿಗಲ್ಲ.

ಒಂದು ಬಾಟಲಿ ಮುಗೀತು, ಏನೂ ವ್ಯತ್ಯಾಸ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ "ಕೋರ್ಸ್ ಕಂಪ್ಲೀಟ್ ಮಾಡ್ಲೇಬೇಕು ಸರ್", ಅಪ್ಪನ ಕೈಗೇ ಫೋನ್ ಕೊಟ್ಟೆ, ಆಯಮ್ಮ ಐದು ನಿಮಿಷ ಹೇಳಿದ್ಮೇಲೆ ಅಪ್ಪ "ಹಾಂ? ಯಾರಮ್ಮ ನೀನು" ಅಂದ್ರು, ಕಟ್ ಆಯ್ತು.

ಕೊನೆಗೆ ಬಸವನಗುಡೀಲಿ ಒಬ್ರು ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳುತ್ತೆ ಅಂತ ಟೆಸ್ಟ್ ಮಾಡೋರು) ಹತ್ರ ಕರ್ಕೊಂಡು ಹೋದ್ವಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಓದಿದವ್ರಂತೆ. ಗಾಜಿನ ರೂಮಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದ್ರು, ಅರ್ಧ ಗಂಟೆ ಆಯ್ತು. ಗ್ರಾಫಲ್ಲಿ 4,000 ಹರ್ಟ್ಸ್ ಹತ್ರ, ಅಂದ್ರೆ ಕೀರಲು ಸದ್ದಿನ ಕಡೆ, ದೊಡ್ಡ ತಗ್ಗು, ಸದ್ದಲ್ಲಿ ಕೆಲಸ ಮಾಡಿದವ್ರಿಗೆ ಬರೋದೇ ಹೀಗಂತೆ, ದಿನಕ್ಕೆ ಎಂಟು ಗಂಟೆಗೆ 85 ಡೆಸಿಬಲ್ ಮಿತಿ ಅಂತಾರೆ, ಮಗ್ಗದ ಶೆಡ್ಡು ಆರಾಮಾಗಿ 90 ದಾಟುತ್ತೆ. ಅದನ್ನ ನೋಡಿ ಅಪ್ಪ ಮೊದಲ ಸಲ ಸುಮ್ನಾದ್ರು, ಆಮೇಲೆ "ಕಿವಿ ಮಷೀನ್ ರೇಟ್ ಎಷ್ಟಮ್ಮ" ಅಂತ ಅವ್ರೇ ಕೇಳಿದ್ರು.

ಉಳಿದ ಎರಡು ಬಾಟಲಿ ಸೀಲ್ ಒಡೆದಿಲ್ಲ, ರಿಟರ್ನ್ ಹಾಕಿದೀನಿ. ಪಿಕಪ್‌ಗೆ ನಾಳೆ ಬರ್ತೀವಿ ಅಂತ ಮೆಸೇಜ್ ಬಂದಿದೆ, ಇದು ಮೂರನೇ ನಾಳೆ.